ಕು ಅಣ್ಣನ ಒಪ್ಪಿಗೆ

ಕು ಚೆಂಗ್‌ಹೆ ತೀರಿಕೊಂಡದ್ದು ಹಿಂದಿನ ಚಳಿಗಾಲದಲ್ಲಿ. ಆದರೆ ಕಂಪನಿಯ ಕಂಪ್ಯೂಟರುಗಳ ಮಟ್ಟಿಗೆ ಅವನು ಇನ್ನೂ ಕೆಲಸದಲ್ಲೇ ಇದ್ದ.

ಹಾಗೆ ಉಳಿದದ್ದು ಹೆದರಿಕೆಯಿಂದ. ಓಡುತ್ತಿರುವ ಯಂತ್ರವನ್ನು ಕೆಣಕುವ ಧೈರ್ಯ ಕಂಪನಿಗಳ ಊರಾದ ಶಿನ್‌ಚುವಿನ ಯಾವ ಎಂಜಿನಿಯರನಿಗೂ ಇರುವುದಿಲ್ಲ. ಶವಸಂಸ್ಕಾರ ಮುಗಿದ ವಾರದಲ್ಲಿ ಸಿಬ್ಬಂದಿ ವಿಭಾಗದವರು ಅವನ ಹೆಸರನ್ನು ತೆಗೆದುಹಾಕಿದರು. ತೆಗೆದ ಗಳಿಗೆಯಲ್ಲೇ ಕೆಳಮಹಡಿಯ ಯಂತ್ರಶಾಲೆಯಲ್ಲಿ ಅರ್ಧಕ್ಕರ್ಧ ಯಂತ್ರಗಳು ಕಣ್ಣು ಮುಚ್ಚಿದವು. ಹೆಸರನ್ನು ಮರಳಿ ಸೇರಿಸಿದರು, ಯಂತ್ರಗಳು ಎದ್ದವು. ಕಾಕತಾಳೀಯ ಎಂದು ಮೇಲಿನವರು ಹೇಳಿದರು. ಹಾಗೆ ಹೇಳಿದವರು ಯಾರೂ ಇನ್ನೊಮ್ಮೆ ತೆಗೆದು ನೋಡಲಿಲ್ಲ. ಎಲ್ಲ ಯಂತ್ರಗಳಿಗೆ ಇಡುವ ಹಾಗೆ ಅವನ ಕಂಪ್ಯೂಟರಿನ ತಲೆಯ ಮೇಲೂ ಜೋಳದ ಕುರುಕಲಿನ ಹಸಿರು ಪೊಟ್ಟಣವೊಂದನ್ನು ಇಟ್ಟು, ಜಾಣನಾಗಿ ತಣ್ಣಗಿರಪ್ಪ ಎಂದು ಕೈಮುಗಿದು ಸುಮ್ಮನಾದರು. ಪೊಟ್ಟಣ ಹಸಿರೇ ಆಗಬೇಕು. ಹಳದಿಯದೋ ಕೆಂಪಿನದೋ ಇಟ್ಟರೆ ಯಂತ್ರ ಮುನಿಸಿಕೊಳ್ಳುತ್ತದೆ. ಇದು ಇಲ್ಲಿ ಕಾವಲಿನವನಿಂದ ಹಿಡಿದು ನಿರ್ದೇಶಕರವರೆಗೆ ಎಲ್ಲರಿಗೂ ಗೊತ್ತಿರುವ ವಿಷಯ.

ಕು ಇದ್ದದ್ದು ನಾಲ್ವರ ತಂಡದಲ್ಲಿ. ತಂಡದ ಮುಖ್ಯಸ್ಥೆ ಪೆಂಗ್ ರುಯ್‌ಚಿನ್. ವಯಸ್ಸು ನಲವತ್ತೈದು ದಾಟಿತ್ತು, ಎಲ್ಲರೂ ಅವಳನ್ನು ಚಿನ್ ಅಕ್ಕ ಎನ್ನುತ್ತಿದ್ದರು. ಉಳಿದ ಇಬ್ಬರಲ್ಲಿ ಒಬ್ಬ ಬಾಯಿಬಡುಕ ಆತ್ಸಾಯ್, ಇನ್ನೊಬ್ಬ ಮಾತೇ ಆಡದ ಬೊಯೆನ್. ಅರ್ಧ ದೇಶದ ಜನ ಕೊಂಡದ್ದು, ಮಾರಿದ್ದು, ಬಸ್ಸು ಹತ್ತಿದ್ದು, ಆಸ್ಪತ್ರೆಗೆ ಹೋದದ್ದು ಎಲ್ಲವೂ ಕೆಳಗಿನ ಯಂತ್ರಗಳಲ್ಲಿ ಕೂತಿರುತ್ತದೆ. ಯಾವುದಾದರೂ ಒಂದು ಯಂತ್ರ ಕೆಮ್ಮಿದರೆ ಸಾಕು, ಈ ನಾಲ್ವರ ಫೋನುಗಳಲ್ಲೂ ಅಲಾರಂ ಬಡಿದುಕೊಳ್ಳುತ್ತದೆ. ಯಾರಾದರೂ ಒಬ್ಬರು 'ನಾನು ನೋಡುತ್ತೇನೆ' ಎಂದು ಒತ್ತಬೇಕು. ಒತ್ತಿದವರ ಹೆಸರು ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಮೂಡಿದಾಗ ಅಲಾರಂ ನಿಲ್ಲುತ್ತದೆ. ಒತ್ತಿದವರ ಊಟ, ನಿದ್ದೆ, ಮಗುವಿನ ಹುಟ್ಟುಹಬ್ಬ ಎಲ್ಲವೂ ಅಲ್ಲಿಗೆ ನಿಲ್ಲುತ್ತದೆ.

ಕುವಿನ ಜಾಗಕ್ಕೆ ಇನ್ನೊಬ್ಬರನ್ನು ತೆಗೆದುಕೊಳ್ಳಲು ಅಪ್ಪಣೆ ಸಿಕ್ಕಿತ್ತು. ಕಂಪನಿಯದೊಂದು ನಿಯಮವಿದೆ, ಅದನ್ನು ಅವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ: ತಂಡಕ್ಕೆ ಬರುವವರನ್ನು ತಂಡದ ಪ್ರತಿಯೊಬ್ಬರೂ ಒಬ್ಬೊಬ್ಬರಾಗಿ ಸಂದರ್ಶನ ಮಾಡಬೇಕು, ಪ್ರತಿಯೊಬ್ಬರೂ ಒಪ್ಪಬೇಕು. ಒಬ್ಬರು ಬೇಡವೆಂದರೂ ಆ ಮಾತು ಅಲ್ಲಿಗೆ ಮುಗಿಯಿತು.

ಮೊದಲು ಬಂದವನು ತೈಚುಂಗಿನ ಚುರುಕು ಹುಡುಗ. ಮೂವರೂ ಒಪ್ಪಿದರು. ಸಂಜೆಯ ಹೊತ್ತಿಗೆ ಪರದೆಯ ಮೇಲೆ ನಾಲ್ಕನೆಯದಾದ ಕುವಿನ ಹೆಸರಿನ ಮುಂದೆ ಒಂದು ಮಾತು ಮೂಡಿತು: ಬೇಡ.

"ಏನೋ ಕಿತಾಪತಿ ಬರೆದಿಟ್ಟು ಹೋಗಿರ್ತಾನೆ ಕಣಕ್ಕ," ಎಂದ ಆತ್ಸಾಯ್. "ಯಾರು ಬಂದ್ರೂ ತಾನಾಗೇ ಬೇಡ ಅನ್ನೋ ಹಾಗೆ. ಬದುಕಿದ್ದಾಗ್ಲೂ ಹಂಗೇ ತಾನೆ? ಟೀ ಕುಡಿಯೋಣ ಬಾ ಅಂದ್ರೂ ಬೇಡ ಅಂತಿದ್ದ."

ಇಡೀ ವಾರ ಹುಡುಕಿದರು. ಕು ಬರೆದಿಟ್ಟ ಅಂಥದ್ದೇನೂ ಸಿಗಲಿಲ್ಲ. ಅವನ ಕಂಪ್ಯೂಟರನ್ನು ಯಾರೂ ತೆರೆದ ಗುರುತೂ ಇರಲಿಲ್ಲ. ಎರಡನೆಯ ಅಭ್ಯರ್ಥಿಗೂ ಹಾಗೆಯೇ ಆಯಿತು. ಮೂರನೆಯ ಸಲ 'ಬೇಡ' ಬಂದಾಗ ಆತ್ಸಾಯ್ ಎದ್ದು ಹೋಗಿ ಹಸಿರು ಪೊಟ್ಟಣವನ್ನು ತೆಗೆದು ಹೊಸದನ್ನಿಟ್ಟು ಬಂದ.

ರುಯ್‌ಚಿನ್‌ಗೆ ಸತ್ತವನಿಗಿಂತ ಬದುಕಿದ್ದವನ ಚಿಂತೆ ಹೆಚ್ಚಾಗಿತ್ತು. ಕುವಿನ ಪಾಲಿಗೆ ಬರುತ್ತಿದ್ದ ಅಲಾರಂಗಳನ್ನೆಲ್ಲ ಬೊಯೆನ್ ತಾನಾಗಿ ಮೈಮೇಲೆ ಹಾಕಿಕೊಂಡಿದ್ದ. ಅವನ ಮೇಜಿನ ಕೆಳಗೆ ಮೊದಲು ಹಲ್ಲುಜ್ಜುವ ಬ್ರಷ್ ಬಂತು, ಆಮೇಲೆ ದಿಂಬು, ಆಮೇಲೆ ಹೊದಿಕೆ. ಹೇಳುತ್ತಿದ್ದ ಮಾತನ್ನು ಅರ್ಧಕ್ಕೇ ಮರೆತು ಎದುರಿಗಿದ್ದವರ ಮುಖವನ್ನೇ ನೋಡುತ್ತ ನಿಲ್ಲುತ್ತಿದ್ದ. ಫೋನು ಸುಮ್ಮನಿದ್ದಾಗಲೂ ಜೇಬು ಮುಟ್ಟಿಕೊಂಡು, "ಬಂತಲ್ವಾ ಅಕ್ಕ?" ಎಂದು ಕೇಳುತ್ತಿದ್ದ. ಇದನ್ನೆಲ್ಲ ಅದೇ ಕ್ರಮದಲ್ಲಿ ಅವಳು ಹಿಂದೆ ಒಬ್ಬನಲ್ಲಿ ನೋಡಿದ್ದಳು. ಖಾಲಿ ಕುರ್ಚಿಗೆ ಯಾರಾದರೂ ಬಂದು ಕೂರದಿದ್ದರೆ ಇವನೂ ಉಳಿಯುವುದಿಲ್ಲ ಎಂದು ಅವಳಿಗೆ ಗೊತ್ತಾಗಿಬಿಟ್ಟಿತ್ತು. ಅದರ ಮೇಲೆ, ಏಳನೆಯ ತಿಂಗಳು ಮುಗಿಯುವುದರೊಳಗೆ ಯಾರನ್ನೂ ತೆಗೆದುಕೊಳ್ಳದಿದ್ದರೆ ಆ ಜಾಗವನ್ನು ಬೇರೆ ವಿಭಾಗಕ್ಕೆ ಕೊಡುತ್ತೇವೆ ಎಂದು ಮೇಲಿನವರು ಹೇಳಿ ಕಳುಹಿಸಿದ್ದರು.

ಚಾಂದ್ರಮಾನದ ಏಳನೆಯ ತಿಂಗಳು ಸತ್ತವರ ತಿಂಗಳು. ಸತ್ತವರ ಲೋಕದ ಬಾಗಿಲು ತೆರೆದಿರುತ್ತದೆ, ಅಲ್ಲಿನವರೆಲ್ಲ ಹೊರಗೆ ಓಡಾಡುತ್ತಿರುತ್ತಾರೆ. ಆ ತಿಂಗಳಲ್ಲಿ ಮನೆ ಬದಲಿಸುವವರಿಲ್ಲ, ಮದುವೆಯಾಗುವವರಿಲ್ಲ, ಹೊಸ ಕೆಲಸಕ್ಕೆ ಸೇರುವವರು ಮೊದಲೇ ಇಲ್ಲ. ಆದರೂ ಒಬ್ಬಳು ಬರುತ್ತೇನೆ ಎಂದಳು. ತೈನಾನಿನ ತು ಯಾಪಿಂಗ್. ಸಂದರ್ಶನಕ್ಕೆ ಅವಳಿಗೆ ಸಿಕ್ಕ ದಿನವೇ ಕಂಪನಿಯ ಅಂಗಳದಲ್ಲಿ ಎಡೆ ಇಡುವ ದಿನವೂ ಆಗಿತ್ತು.

ಯಾಪಿಂಗ್ ಬಂದವಳೇ ಕೈಯಲ್ಲಿದ್ದ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. ಮುಚ್ಚಳದ ಮೇಲಿನ ಚಿತ್ರ ನೋಡಿ ಆತ್ಸಾಯ್ ಕುರ್ಚಿಸಮೇತ ಹಿಂದಕ್ಕೆ ಸರಿದ.

"ಅನಾನಸ್ ಕೇಕು! ಅಯ್ಯಯ್ಯೋ, ಯಂತ್ರದ ಮನೆಗೆ ಅನಾನಸ್ ತಂದಿದ್ದೀಯಲ್ಲಮ್ಮ! ಅದರ ಹೆಸರೇ 'ಉಕ್ಕಿ ಬಾ' ಅಂದ ಹಾಗೆ ಕೇಳುತ್ತೆ, ಇವತ್ತು ಕೆಲಸ ಉಕ್ಕಿ ಹರಿಯುತ್ತೆ, ತಗೊಂಡ್ಹೋಗು, ತಗೊಂಡ್ಹೋಗು!"

"ಕೆಲಸ ಕೇಳ್ಕೊಂಡೇ ತಾನೆ ಅಣ್ಣ ನಾನು ಬಂದಿರೋದು?" ಎಂದಳು ಯಾಪಿಂಗ್. "ಉಕ್ಕಲಿ ಬಿಡಿ."

ಆತ್ಸಾಯ್ ಹೊಟ್ಟೆ ಹಿಡಿದುಕೊಂಡು ನಕ್ಕ. ಸಂದರ್ಶನಕ್ಕೆ ಮೊದಲೇ ಅವನ ಒಪ್ಪಿಗೆ ಸಿಕ್ಕಿಹೋಗಿತ್ತು. ಹುಡುಗಿ ನಿಜಕ್ಕೂ ಗಟ್ಟಿಗಳು. ರುಯ್‌ಚಿನ್ ಒಡ್ಡಿದ ಸಮಸ್ಯೆಯನ್ನು ಬೋರ್ಡಿನ ಮೇಲೆ ಬಿಡಿಸುತ್ತ, ತಪ್ಪಿದಲ್ಲಿ ತಪ್ಪಿದೆ ಎಂದು ತಾನೇ ಹೇಳಿ, ಅಳಿಸಿ, ಮತ್ತೆ ಬರೆದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಇಂಥವಳು ಬಂದರೆ ಬೊಯೆನ್ ರಾತ್ರಿ ಮನೆಗೆ ಹೋಗಬಹುದು ಎಂದು ರುಯ್‌ಚಿನ್ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಳು.

ಸಂದರ್ಶನದ ಕೊನೆಯಲ್ಲಿ ಬಂದವರಿಗೂ ಏನಾದರೂ ಕೇಳಲು ಅವಕಾಶ ಕೊಡುವುದು ವಾಡಿಕೆ. ಯಾಪಿಂಗ್ ಯೋಚಿಸಲೇ ಇಲ್ಲ.

"ಈ ಜಾಗದಲ್ಲಿ ಮೊದಲು ಇದ್ದೋರು ಯಾಕೆ ಬಿಟ್ಟರು?"

ಈ ಪ್ರಶ್ನೆಗೆ ಏನು ಹೇಳಬೇಕೆಂದು ಮೇಲಿನವರು ಹೇಳಿಕೊಟ್ಟಿದ್ದರು. ಹಿಂದಿನ ಮೂವರಿಗೂ ಅದನ್ನೇ ಹೇಳಿಯಾಗಿತ್ತು. "ಶಿನ್‌ಪುವಿನಲ್ಲಿ ಅವರದೊಂದು ಕಿತ್ತಳೆ ತೋಟ ಇದೆ," ಎಂದಳು ರುಯ್‌ಚಿನ್. "ತಂದೆಗೆ ವಯಸ್ಸಾಯ್ತು, ಊರಿಗೆ ಹೋದರು."

"ಪುಣ್ಯವಂತರು," ಎಂದಳು ಯಾಪಿಂಗ್.

ಆಮೇಲೆ ಆತ್ಸಾಯ್‌ನನ್ನೂ ಬೊಯೆನ್‌ನನ್ನೂ ಅವಳು ಅದನ್ನೇ ಕೇಳಿದಳು. ಇಬ್ಬರೂ ಕಿತ್ತಳೆ ತೋಟದ ಮಾತನ್ನೇ ಹೇಳಿದರು. ಬೊಯೆನ್ ಮಾತ್ರ ಹೇಳುವಾಗ ಗೋಡೆ ನೋಡುತ್ತಿದ್ದ.

ಮಧ್ಯಾಹ್ನದ ಊಟಕ್ಕೆ ಅಕ್ಕಿ ಶಾವಿಗೆ, ಹಂದಿಮಾಂಸದ ಉಂಡೆಯ ಸಾರು. ಊಟ ಮುಗಿದ ಮೇಲೆ ಎಂದಿನಂತೆ ಇಡೀ ಮಹಡಿಯ ದೀಪ ಆರಿಸಿದರು. ಮುನ್ನೂರು ಜನ ತಂತಮ್ಮ ಮೇಜಿನ ಮೇಲೆ ಪುಟ್ಟ ದಿಂಬಿಟ್ಟು ಮುಖ ಒರಗಿಸಿದರು. ಉಸಿರು, ಪಂಖಗಳ ಗುಂಯ್‌ಗುಟ್ಟುವಿಕೆ ಬಿಟ್ಟರೆ ಬೇರೆ ಸದ್ದಿಲ್ಲ. ರುಯ್‌ಚಿನ್ ಮಾತ್ರ ಮಲಗಲಿಲ್ಲ. ಎಂಟು ತಿಂಗಳಿಂದ ಅವಳು ಆ ಹೊತ್ತಿನಲ್ಲಿ ಮಲಗಿಲ್ಲ. ಎದುರಿನ ಮೇಜಿನಲ್ಲಿ ಬೊಯೆನ್ ಬೋರಲಾಗಿದ್ದ. ಅವನ ಬೆನ್ನು ಏರುತ್ತದೆಯೇ, ಇಳಿಯುತ್ತದೆಯೇ ಎಂದು ಅವಳು ಕತ್ತಲಲ್ಲಿ ಕಣ್ಣಿಟ್ಟು ನೋಡುತ್ತ ಕೂತಳು. ಏರಿತು. ಇಳಿಯಿತು. ಮತ್ತೆ ಏರುವುದಕ್ಕೆ ತುಸು ತಡವಾದಂತೆ ಕಂಡು ಎದ್ದೇಬಿಟ್ಟಳು. ಅಷ್ಟರಲ್ಲಿ ಏರಿತು.

ದೀಪ ಹೊತ್ತಿದ ಮೇಲೆ ಎಲ್ಲರೂ ಅಂಗಳಕ್ಕೆ ಇಳಿದರು. ಸಾಲು ಮೇಜುಗಳ ಮೇಲೆ ಕುರುಕಲು, ಹಣ್ಣು, ಸೋಡಾ, ಒಣ ಶಾವಿಗೆಯ ಕಟ್ಟುಗಳು. ಪ್ರತಿಯೊಂದಕ್ಕೂ ಒಂದೊಂದು ಊದುಕಡ್ಡಿ ಚುಚ್ಚಿತ್ತು. ಮೂಲೆಯಲ್ಲಿ ಮುಖ ತೊಳೆಯುವ ಬೇಸಿನ್, ಹೊಸ ಟವೆಲ್, ಬಾಚಣಿಗೆ. ದೂರದಿಂದ ಬರುವ ಅಣ್ಣತಮ್ಮಂದಿರು ಧೂಳು ತೊಳೆದುಕೊಂಡು ಉಣ್ಣಬೇಕಲ್ಲ. ಅವರನ್ನು ಯಾರೂ ದೆವ್ವ ಎನ್ನುವುದಿಲ್ಲ. ಒಳ್ಳೆಯ ಅಣ್ಣತಮ್ಮಂದಿರು ಎನ್ನುತ್ತಾರೆ. ನಿರ್ದೇಶಕರು ಎಲ್ಲರಿಗಿಂತ ಮುಂದೆ ಊದುಕಡ್ಡಿ ಹಿಡಿದು, ಈ ವರ್ಷವೂ ಯಂತ್ರಗಳು ನಿಲ್ಲದಿರಲಿ ಎಂದು ಮೈಕಿನಲ್ಲಿ ಬೇಡಿಕೊಂಡರು.

ಆಗ ರುಯ್‌ಚಿನ್‌ಗೆ ಯಾಪಿಂಗ್‌ಳ ನೆನಪಾಯಿತು. ಕೆಳಗೆ ಬಂದು ಕಾಯುತ್ತಿರು ಎಂದು ಅವಳಿಗೆ ಹೇಳಿದ್ದಳು. ಜನರ ನಡುವೆ ಅವಳು ಕಾಣಲಿಲ್ಲ. ಬಾಗಿಲ ಬಳಿ ಕೂತಿದ್ದ ಕಾವಲಿನವನನ್ನು ಕೇಳಿದಳು.

"ತೈನಾನಿನ ಹುಡುಗಿನಾ? ನಾಲ್ಕನೇ ಇಂಟರ್‌ವ್ಯೂ ಇದೆ ಅಂತ ಆಗಲೇ ಮೇಲೆ ಹೋದಳಲ್ಲ. ಏಳನೇ ಕೋಣೆಗೆ."

ರುಯ್‌ಚಿನ್‌ಳ ಕೈಯಲ್ಲಿದ್ದ ಊದುಕಡ್ಡಿ ಮುರಿಯಿತು. ಯಾರು ಸಂದರ್ಶನಕ್ಕೆ ಬಂದರೂ ತಂಡದ ಎಲ್ಲರ ಹೆಸರಿನಲ್ಲಿ ಕಂಪ್ಯೂಟರು ತಾನಾಗಿ ಹೊತ್ತು ಗೊತ್ತುಮಾಡುತ್ತದೆ, ಕುವಿನ ಹೆಸರಿನಲ್ಲೂ. ಪ್ರತಿ ಸಲ ಅದನ್ನು ಅವಳೇ ರದ್ದು ಮಾಡಿ, ಅವರು ರಜೆಯಲ್ಲಿದ್ದಾರೆ ಎಂದು ಬಂದವರಿಗೆ ಹೇಳುತ್ತಿದ್ದಳು. ಈ ಸಲ ಎಡೆಯ ಗಡಿಬಿಡಿಯಲ್ಲಿ ಮರೆತಿದ್ದಳು.

ಮೇಲಿನ ಮಹಡಿಯಲ್ಲಿ ನರಪಿಳ್ಳೆ ಇರಲಿಲ್ಲ. ಏಳನೆಯ ಕೋಣೆಯ ಬಾಗಿಲು ತೆರೆದುಕೊಂಡು ಯಾಪಿಂಗ್ ಹೊರಗೆ ಬರುತ್ತಿದ್ದಳು. ಮುಖ ಶಾಂತವಾಗಿತ್ತು.

"ಮುಗೀತು ಅಕ್ಕ. ಬೇರೆ ಊರಿಂದ ಮಾತಾಡ್ತಿದ್ರೇನೋ, ಪರದೆ ಮೇಲೆ ಮುಖ ಬರಲಿಲ್ಲ, ದನೀನೂ ಬರಲಿಲ್ಲ. ಬೋರ್ಡಲ್ಲಿ ಬರೆದೇ ಕೇಳಿದ್ರು. ಬಹಳ ನಿಧಾನ. ಬರೆಯೋದು, ಅಳಿಸೋದು, ಮತ್ತೆ ಬರೆಯೋದು. ನಾನು ಎರಡು ಸಲ ಆಕಳಿಸಿದೆ, ನೋಡಿರಲಿಕ್ಕಿಲ್ಲ ಅಲ್ವಾ?"

ಬರೆದು ಅಳಿಸಿ ಬರೆಯುವವನು ಈ ತಂಡದಲ್ಲಿ ಒಬ್ಬನೇ ಇದ್ದದ್ದು, ಕು.

"ಏನು ಕೇಳಿದರು?" ಎಂದಳು ರುಯ್‌ಚಿನ್.

"ಒಂದೇ ಪ್ರಶ್ನೆ. ಬನ್ನಿ, ಇನ್ನೂ ಇದೆ."

ಕೋಣೆಯ ಗೋಡೆಗೆ ಹಾಕಿದ್ದ, ದೂರದಲ್ಲಿದ್ದವರೂ ಬರೆಯಬಹುದಾದ ಹೊಳೆಯುವ ಬೋರ್ಡಿನ ಮೇಲೆ ಮೂರು ಸಾಲುಗಳಿದ್ದವು. ಮೊದಲನೆಯದು: ನನ್ನ ಕುರ್ಚಿ ಯಾಕೆ ಖಾಲಿಯಾಯಿತೆಂದು ನಿಮಗೆ ಹೇಳಿದರೇ? ಅದರ ಕೆಳಗೆ ಯಾಪಿಂಗ್‌ಳ ದುಂಡು ಅಕ್ಷರ: ಹೇಳಿದರು. ನೀವು ಶಿನ್‌ಪುವಿನಲ್ಲಿ ಕಿತ್ತಳೆ ತೋಟ ನೋಡಿಕೊಳ್ಳುತ್ತಿದ್ದೀರಂತೆ. ಮೂರನೆಯ ಸಾಲಿನ ಸುತ್ತ ಅಳಿಸಿದ ಕಲೆಗಳಿದ್ದವು: ಮತ್ತೊಮ್ಮೆ ಕೇಳಿ ನೋಡಿ.

"ಕೇಳಿ ನೋಡಿ ಅಂದಿದಾರೆ," ಎಂದಳು ಯಾಪಿಂಗ್. "ಅದಕ್ಕೇ ಕೇಳ್ತಿದೀನಿ ಅಕ್ಕ. ಅವರು ಯಾಕೆ ಬಿಟ್ಟರು?"

ರುಯ್‌ಚಿನ್ ಹತ್ತಿರವಿದ್ದ ಕುರ್ಚಿಯನ್ನು ಎಳೆದು ಕೂತಳು. ಕೆಳಗಿನಿಂದ ಮೈಕಿನ ದನಿ, ಸತ್ತವರ ಖರ್ಚಿಗೆಂದು ಕಾಗದದ ಹುಸಿ ನೋಟು ಸುಡುವ ವಾಸನೆ ತೇಲಿ ಬರುತ್ತಿದ್ದವು. ಸುಳ್ಳು ಹೇಳಲು ಬಾಯಿ ತೆರೆದಳು. ಬೋರ್ಡಿನ ಮೂಲೆಯಲ್ಲಿ ಬರೆಯುವ ಗುರುತೊಂದು ಕಣ್ಣು ಮಿಟುಕಿಸುತ್ತ ಕಾಯುತ್ತಿತ್ತು.

"ಅವನು ಬಿಡಲಿಲ್ಲಮ್ಮ," ಎಂದಳು. "ಸತ್ತುಹೋದ. ಅಲ್ಲೇ, ಆ ಮೇಜಿನ ಮೇಲೇ."

ಯಾಪಿಂಗ್ ಬೋರ್ಡನ್ನು ನೋಡಿದಳು, ಅವಳನ್ನು ನೋಡಿದಳು. ಕೂಗಲಿಲ್ಲ, ಓಡಲಿಲ್ಲ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ಹೇಳಿ."

"ಎರಡು ರಾತ್ರಿ ನಿದ್ದೆ ಮಾಡಿರಲಿಲ್ಲ. ಬಿಟ್ಟೂ ಬಿಡದೆ ಅಲಾರಂ. ಮಧ್ಯಾಹ್ನ ದೀಪ ಆರಿಸಿದ ಮೇಲೆ ಎಲ್ಲರ ಹಾಗೇ ಮಲಗಿದ. ದೀಪ ಹಾಕಿದಾಗ ತಲೆ ಎತ್ತಲಿಲ್ಲ. ಬೊಯೆನ್ ಎಬ್ಬಿಸೋಕೆ ಹೋದ. ನಾನೇ ತಡೆದೆ. ಬಿಡು, ಪಾಪ, ಮಲಗಲಿ ಅಂದೆ. ಅವನ ತಲೆ ಮೇಲಿನ ದೀಪ ಮತ್ತೆ ಆರಿಸಿದೆ. ಫೋನು ತೆಗೆದು ಸದ್ದು ಬರದ ಹಾಗೆ ಮಾಡಿದೆ. ಕೋಟು ಹೊದಿಸಿದೆ. ಎಲ್ಲರೂ ತುದಿಗಾಲಲ್ಲಿ ಓಡಾಡಿದರು. ಆತ್ಸಾಯ್ ಹಾಲುಟೀ ತಂದು, ಎದ್ದ ಮೇಲೆ ಕುಡಿಲಿ ಅಂತ ಪಕ್ಕದಲ್ಲಿಟ್ಟ. ನಾವೆಲ್ಲ ಅವನಿಗೆ ಒಳ್ಳೇದು ಮಾಡ್ತಿದೀವಿ ಅಂದ್ಕೊಂಡಿದ್ವಿ. ಸಂಜೆ ನಾನು ಭುಜ ಮುಟ್ಟಿ ನೋಡಿದೆ. ದೀಪ ಹಾಕಿದಾಗ ಎಬ್ಬಿಸಿದ್ದರೆ ಉಳೀತಿದ್ದನೇನೋ ಅಂದರು ಡಾಕ್ಟರು. ಆಸ್ಪತ್ರೇಲಿ ಹೋದ ಅಂತ ಕಂಪನಿ ಹೇಳಿತು. ನಾವೂ ಹಾಗೇ ಹೇಳಿದ್ವಿ. ಆಮೇಲೆ ಕಿತ್ತಳೆ ತೋಟ."

"ಅವರಿಗೆ ನಿಜವಾಗ್ಲೂ ತೋಟ ಇತ್ತಾ?"

"ಇತ್ತು. ಅವರಪ್ಪ ಈಗ್ಲೂ ಹಣ್ಣು ಕಳಿಸ್ತಾರೆ. ನಾವು ಯಾರೂ ತಿನ್ನಲ್ಲ."

ಬೋರ್ಡಿನ ಮೇಲೆ ಅಕ್ಷರಗಳು ಅಲುಗಿದವು. ಇಬ್ಬರೂ ನೋಡುತ್ತಿದ್ದಂತೆಯೇ ನಾಲ್ಕನೆಯ ಸಾಲು ಮೂಡತೊಡಗಿತು. ಒಂದಕ್ಷರ ಬಂತು, ಅಳಿಯಿತು. ಮತ್ತೆ ಬಂತು. ಕೊನೆಗೆ ಉಳಿದದ್ದು ಒಂದೇ ಮಾತು: ಸರಿ.

ಅದೇ ಹೊತ್ತಿಗೆ ರುಯ್‌ಚಿನ್‌ಳ ಫೋನು ನಡುಗಿತು. ತು ಯಾಪಿಂಗ್‌ಳ ನೇಮಕಕ್ಕೆ ನಾಲ್ಕನೆಯ ಸದಸ್ಯನ ಉತ್ತರ ಬಂದಿತ್ತು. ಒಪ್ಪಿಗೆ.

ಎಂಟು ತಿಂಗಳಿಂದ ಕಾದ ಮಾತು. ರುಯ್‌ಚಿನ್ ಎದ್ದು ನಿಂತಳು. "ಒಪ್ಪಿದ ಕಣಮ್ಮ. ನೀನು ನಾಳೆನೇ ಬರಬಹುದು. ನಾಡಿದ್ದಾದರೂ ಸರಿ."

"ಅವರು ಒಪ್ಪಿದರು," ಎಂದಳು ಯಾಪಿಂಗ್. "ನಾನು ಒಪ್ಪಿಲ್ಲವಲ್ಲ ಅಕ್ಕ."

"ಹೆದರಿಕೆನಾ?"

"ಇವರದಾ?" ಯಾಪಿಂಗ್ ಬೋರ್ಡಿನ ಕಡೆ ಗಲ್ಲ ಎತ್ತಿ ತೋರಿಸಿದಳು. "ಇವತ್ತು ಈ ಕಟ್ಟಡದಲ್ಲಿ ನನಗೆ ಸತ್ಯ ಕೇಳಿಸಿದೋರು ಇವರೊಬ್ಬರೇ. ನನಗೆ ಹೆದರಿಕೆ ಆ ಕುರ್ಚಿದು. ಅದು ಒಬ್ಬರ ಕೆಲಸ ಅಲ್ಲ ಅಕ್ಕ. ಬೆಳಿಗ್ಗೆ ನೀವು ಮೂರೂ ಜನ ಕೊಟ್ಟ ಕೆಲಸದ ಲೆಕ್ಕ ನೋಡಿದಾಗ್ಲೇ ಅನ್ನಿಸ್ತು, ಕೇಳೋಕೆ ಸಂಕೋಚ ಆಯ್ತು. ಇಬ್ಬರದ್ದು, ಇಲ್ಲಾಂದ್ರೆ ಮೂವರದ್ದು. ನಾನು ಕೂತರೆ ಆ ಬೊಯೆನ್ ಅಣ್ಣ ಬದುಕಬಹುದು. ಆಮೇಲೆ ನನ್ನ ಪಕ್ಕದಲ್ಲಿ ಯಾರೋ ಟೀ ಇಡ್ತಾರೆ." ಅವಳು ಚೀಲವನ್ನು ಹೆಗಲಿಗೇರಿಸಿದಳು. "ಇನ್ನೊಂದು ಕುರ್ಚಿ ಹಾಕಿಸಿ, ಆಗ ಕರೀರಿ. ಈ ಕೆಲಸ ನನಗೆ ನಿಜವಾಗ್ಲೂ ಬೇಕಿತ್ತು."

ಹೋಗುವ ಮುನ್ನ ಬೋರ್ಡಿಗೆ ನಡು ಬಗ್ಗಿಸಿ ನಮಸ್ಕರಿಸಿದಳು. ಸಂದರ್ಶಕರಿಗೆ ಮಾಡುವಂತೆ.

ರುಯ್‌ಚಿನ್ ಒಬ್ಬಳೇ ಉಳಿದಳು. ಬೋರ್ಡಿನ ಮೇಲೆ ಇನ್ನೇನೂ ಮೂಡಲಿಲ್ಲ. ಇಷ್ಟು ದಿನ ತಾನು ಹುಡುಕುತ್ತಿದ್ದುದು ಆ ಕುರ್ಚಿಯಲ್ಲಿ ಕೂರುವವರನ್ನು. ಬೊಯೆನ್‌ನನ್ನು ಎಬ್ಬಿಸಿ ಕಳಿಸಬೇಕೆಂದು ತನಗೆ ಒಮ್ಮೆಯೂ ಹೊಳೆಯಲಿಲ್ಲವಲ್ಲ ಎಂದುಕೊಂಡು, ಬಹುತೇಕ ಓಡುತ್ತಲೇ ತಮ್ಮ ಮೇಜುಗಳ ಕಡೆ ಬಂದಳು.

ಬೊಯೆನ್ ಎಡೆಯ ನಡುವೆಯೇ ಮೇಲೆ ಬಂದುಬಿಟ್ಟಿದ್ದ. ತೋಳಿನ ಮೇಲೆ ಊದುಕಡ್ಡಿಯ ಬೂದಿ ಬಿದ್ದಿತ್ತು, ಅದನ್ನು ಕೊಡವಿರಲಿಲ್ಲ. ಎರಡೂ ಕೈಯಲ್ಲಿ ಫೋನು ಹಿಡಿದು ನಿಂತಿದ್ದ. ಅವನ ಹಿಂದೆಯೇ ಆತ್ಸಾಯ್ ಏದುಸಿರು ಬಿಡುತ್ತ ಬಂದ. "ಅಲಾರಂ ಬಂತು ಅಂತ ಓಡಿ ಬಂದ ಅಕ್ಕ. ನನಗೇನೂ ಕೇಳಿಸಲಿಲ್ಲ. ನನ್ನ ಫೋನೂ ಸುಮ್ಮನಿದೆ."

"ಬೊಯೆನ್, ಮನೆಗೆ ಹೋಗು," ಎಂದಳು ರುಯ್‌ಚಿನ್.

"ಈಗಲಾ? ಹುಡುಗಿ ಏನಂದಳು? ಬರ್ತಾಳಾ?"

"ಬರಲ್ಲ. ನೀನು ಹೋಗು."

"ಅವಳು ಬರಲ್ಲ ಅಂದಮೇಲೆ ನಾನು ಹೆಂಗೆ..." ಮಾತು ಅರ್ಧಕ್ಕೇ ಮರೆತುಹೋಯಿತು. ಅವಳ ಮುಖವನ್ನೇ ನೋಡಿದ.

ಅವಳು ಅವನ ಕೈಯಿಂದ ಫೋನು ಕಿತ್ತುಕೊಂಡು ಮೇಜಿನ ಮೇಲಿಟ್ಟಳು. ಅವನ ಕಂಪ್ಯೂಟರಿಗೇ ಬಗ್ಗಿ ಅವನ ಹೆಸರಿನಲ್ಲಿ ರಜೆ ಕೇಳಿದಳು, ತಿಂಗಳು ಮುಗಿಯುವವರೆಗೆ. ರಜೆಗೂ ಅಲ್ಲಿ ತಂಡದ ಎಲ್ಲರ ಒಪ್ಪಿಗೆ ಬೇಕು. ಹಾಗಾಗಿಯೇ ಯಾರೂ ಕೇಳುತ್ತಿರಲಿಲ್ಲ. ಒಬ್ಬನು ಹೋದರೆ ಅವನ ಹೊರೆ ಉಳಿದವರ ತಲೆಗೆ ತಾನೆ, ಯಾವ ಮುಖ ಹೊತ್ತು ಕೇಳುವುದು? ಅವಳು ಬೆರಳು ತೆಗೆಯುವ ಮೊದಲೇ ಮೊದಲ ಉತ್ತರ ಬಂದಿತ್ತು. ಅವಳದಲ್ಲ, ಆತ್ಸಾಯ್‌ನದಲ್ಲ.

ಕು ಚೆಂಗ್‌ಹೆ: ಒಪ್ಪಿಗೆ.

ಬೊಯೆನ್ ಅದನ್ನು ಓದಿದ. "ಕು ಅಣ್ಣ..." ಎಂದಷ್ಟೇ ಹೇಳಿ, ಹೊದಿಕೆ, ದಿಂಬು ಎಲ್ಲವನ್ನೂ ಅಲ್ಲೇ ಬಿಟ್ಟು, ಬರಿಗೈಯಲ್ಲಿ ಲಿಫ್ಟಿನ ಕಡೆ ನಡೆದ. ನಿದ್ದೆಯಲ್ಲಿ ನಡೆಯುವವನ ಹಾಗಿತ್ತು ಅವನ ನಡಿಗೆ.

ಲಿಫ್ಟಿನ ಬಾಗಿಲು ಮುಚ್ಚಿತೋ ಇಲ್ಲವೋ, ಈ ಸಲ ನಿಜವಾಗಿಯೇ ಅಲಾರಂ ಬಂತು. ಮೇಜಿನ ಮೇಲೆ ಬೊಯೆನ್‌ನ ಫೋನು, ರುಯ್‌ಚಿನ್‌ಳದು, ಆತ್ಸಾಯ್‌ನದು ಒಟ್ಟಿಗೆ ಬಡಿದುಕೊಂಡವು. ರುಯ್‌ಚಿನ್ ಕೈ ಚಾಚುವಷ್ಟರಲ್ಲಿ ತಾವಾಗಿಯೇ ನಿಂತವು. ಗೋಡೆಯ ಪರದೆಯ ಮೇಲೆ ಹೆಸರು ಮೂಡಿತ್ತು: ಕು ಚೆಂಗ್‌ಹೆ ನೋಡುತ್ತಿದ್ದಾರೆ.

ಕೆಳಗಿನ ಯಂತ್ರ ಸರಿಹೋಯಿತು. ಬೆನ್ನಿಗೇ ಇನ್ನೊಂದು ಅಲಾರಂ ಬಂತು. ಮತ್ತೆ ಅದೇ ಹೆಸರು. ಎರಡು ಸಾಲಿನಾಚೆ ಕುವಿನ ಮೇಜಿನ ಮೇಲೆ, ಎಂಟು ತಿಂಗಳಿಂದ ಕಪ್ಪಾಗಿದ್ದ ಪರದೆಯಲ್ಲಿ ಬೆಳಕಿತ್ತು. ಕೀಲಿಗಳ ಸದ್ದು ಕೇಳುತ್ತಿತ್ತು. ಒತ್ತಿ, ನಿಂತು, ಅಳಿಸಿ, ಮತ್ತೆ ಒತ್ತುವ ಸದ್ದು.

ಆತ್ಸಾಯ್ ಅವಳ ತೋಳು ಹಿಡಿದುಕೊಂಡ. ಅವನು ಪಿಸುಗುಟ್ಟಿದ್ದು ಇಷ್ಟೇ: "ಬಿಡಕ್ಕ. ನಡೀತಿದೆಯಲ್ಲ. ಮುಟ್ಟಬೇಡ. ಅವನೇ ನೋಡ್ಕೊಂಡರೆ ಬೊಯೆನ್‌ಗೂ ತೊಂದರೆ ಇಲ್ಲ, ನಮಗೂ ತೊಂದರೆ ಇಲ್ಲ."

ರುಯ್‌ಚಿನ್ ಆ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ತಾನೂ ಇಷ್ಟು ದಿನ ಅದನ್ನೇ ಹೇಳಿಕೊಂಡಿದ್ದವಳು. ಹೌದು, ಯಾವ ತೊಂದರೆಯೂ ಇರಲಾರದು. ಇನ್ನು ಮೇಲೆ ಅವನು ಹಗಲೂ ರಾತ್ರಿ ನೋಡುತ್ತಾನೆ. ಊಟ ಬೇಡ, ಸಂಬಳ ಬೇಡ, ತಲೆ ಎತ್ತುವುದೂ ಬೇಡ. ಮೇಲಿನವರಿಗೆ ಗೊತ್ತಾದರೆ ಹೆಚ್ಚೆಂದರೆ ಇನ್ನೊಂದು ಹಸಿರು ಪೊಟ್ಟಣ ಇಟ್ಟಾರು.

"ಯಾರಿಗೂ ತೊಂದರೆ ಇಲ್ಲ ಅಂತಲೇ ಆವತ್ತು ಅವನನ್ನ ಎಬ್ಬಿಸದೆ ಬಿಟ್ಟಿದ್ದು," ಎಂದಳು. ತೋಳು ಬಿಡಿಸಿಕೊಂಡು ಕುವಿನ ಮೇಜಿನ ಕಡೆ ನಡೆದಳು.

ಹತ್ತಿರ ಹೋದಂತೆ ಕೀಲಿಗಳ ಸದ್ದು ಹೆಚ್ಚಾಯಿತು. ಕುರ್ಚಿಯಲ್ಲಿ ಯಾರೂ ಕಾಣಲಿಲ್ಲ. ಆದರೆ ಕುರ್ಚಿಯ ಮೆತ್ತೆ ಒತ್ತಿ ತಗ್ಗಾಗಿತ್ತು. ಹಿಂದೆ ನಿಂತು, ಭುಜ ಇರಬೇಕಾದ ಎತ್ತರಕ್ಕೆ ಕೈ ಚಾಚಿದಳು. ಕೈಗೆ ಏನೂ ತಗಲಲಿಲ್ಲ, ಚಳಿಯೂ ಇರಲಿಲ್ಲ. ಬೆರಳುಗಳು ಮಾತ್ರ ಒಂದು ಕಡೆ ತಾವಾಗಿ ನಿಂತವು, ಮುಂದೆ ಹೋಗಲು ಜಾಗವಿಲ್ಲದಂತೆ.

"ಕು ಚೆಂಗ್‌ಹೆ," ಎಂದು ಗಟ್ಟಿಯಾಗಿ ಕರೆದಳು.

"ಅಕ್ಕಾ!" ಆತ್ಸಾಯ್ ಚೀರಿದ. "ಈ ತಿಂಗಳಲ್ಲಿ ಪೂರ್ತಿ ಹೆಸರು ಹಿಡಿದು ಕರೀಬೇಡ! ಯಾರಾದರೂ ಓಗೊಟ್ಟಾರು!"

"ಓಗೊಡಲಿ ಅಂತಲೇ ಕರೀತಿದೀನಿ. ಕು ಚೆಂಗ್‌ಹೆ! ಏಳು. ದೀಪ ಹಾಕಿ ಆಗಲೇ ಬಹಳ ಹೊತ್ತಾಯ್ತು. ಎದ್ದೇಳು, ಮಲಗಿದ್ದು ಸಾಕು, ಕೆಲಸಾನೂ ಸಾಕು. ನಿಮ್ಮಪ್ಪ ತೋಟದಲ್ಲಿ ಒಬ್ಬರೇ ಇದಾರೆ. ಮನೆಗೆ ನಡಿ."

ಕೀಲಿಗಳ ಸದ್ದು ನಿಂತಿತು. ಪರದೆಯ ಮೇಲೆ ಅರ್ಧ ಬರೆದಿದ್ದ ಸಾಲು ಒಂದೊಂದೇ ಅಕ್ಷರವಾಗಿ ಹಿಂದಕ್ಕೆ ಅಳಿಯಿತು. ಆಮೇಲೆ ಕುರ್ಚಿ ಕೂತವರು ಎದ್ದಾಗ ಬಿಡುವ ಆ ಪುಟ್ಟ ಉಸಿರನ್ನು ಬಿಟ್ಟು ಮೆಲ್ಲಗೆ ಮೇಲಕ್ಕೆ ಬಂತು. ಮೆತ್ತೆಯ ತಗ್ಗು ತುಂಬಿಕೊಂಡಿತು. ರುಯ್‌ಚಿನ್‌ಳ ಕೈ ತಡೆಯಿಲ್ಲದೆ ಕೆಳಗಿಳಿಯಿತು. ಪಕ್ಕದಲ್ಲಿ ಜಾಗ ಬಿಡಬೇಕೆನ್ನಿಸಿ ಒಂದು ಹೆಜ್ಜೆ ಸರಿದು ನಿಂತಳು.

ಅಲಾರಂ ಮತ್ತೆ ಬಂತು. ಗೋಡೆಯ ಪರದೆಯಲ್ಲಿ ಹೆಸರಿನ ಜಾಗ ಖಾಲಿಯಿತ್ತು. ಕಾದರೂ ಯಾರ ಹೆಸರೂ ಬರಲಿಲ್ಲ. ಫೋನುಗಳು ಬಡಿದುಕೊಳ್ಳುತ್ತಲೇ ಇದ್ದವು. ಕೆಳಗಿನ ಯಂತ್ರಶಾಲೆಯಲ್ಲಿ ಒಂದೊಂದಾಗಿ ಪಂಖಗಳು ನಿಲ್ಲುವುದು ನೆಲದ ಮೂಲಕ ಪಾದಕ್ಕೆ ತಿಳಿಯುತ್ತಿತ್ತು.

"ಈಗ ಯಾರು ನೋಡೋದು?" ಎಂದು ಆತ್ಸಾಯ್ ಅಳುವ ದನಿಯಲ್ಲಿ ಕೇಳಿದ.

"ಬಡ್ಕೊಳ್ಳಲಿ," ಎಂದಳು ರುಯ್‌ಚಿನ್. "ಮೇಲಿನೋರು ಅಂಗಳದಲ್ಲೇ ಇದಾರೆ. ಅವರಿಗೂ ಸ್ವಲ್ಪ ಕೇಳಿಸಲಿ."

ಅವಳು ಕಿಟಕಿಯ ಬಳಿ ಹೋದಳು. ಅಂಗಳದಲ್ಲಿ ಎಡೆಯ ಮೇಜುಗಳ ಮಧ್ಯೆ ಹೊಗೆ ಎದ್ದಿತ್ತು. ನಿರ್ದೇಶಕರು ಜೇಬಿನಿಂದ ಫೋನು ತೆಗೆದು ಕಣ್ಣು ಕಿರಿದುಮಾಡಿ ನೋಡುತ್ತಿದ್ದರು. ಅವರನ್ನು ದಾಟಿಕೊಂಡು ಬೊಯೆನ್ ಹೋಗುತ್ತಿದ್ದ. ಕೈಗಳು ಖಾಲಿ, ಹೆಜ್ಜೆ ಈಗ ನೆಟ್ಟಗೆ ಬೀಳುತ್ತಿತ್ತು. ಒಮ್ಮೆಯೂ ತಿರುಗಿ ನೋಡಲಿಲ್ಲ. ದೊಡ್ಡ ಗೇಟಿನ ಪಕ್ಕದ ಸಣ್ಣ ಬಾಗಿಲನ್ನು ತಳ್ಳಿ ಹೊರಗೆ ದಾಟಿದ. ದಾಟಿದವನು, ಹಿಂದೆ ಬರುತ್ತಿರುವವರಿಗೆಂಬಂತೆ, ಆ ಬಾಗಿಲನ್ನು ಒಂದು ಗಳಿಗೆ ಹಾಗೆಯೇ ಹಿಡಿದು ನಿಂತ. ಆಮೇಲೆ ಬಿಟ್ಟ.